ಕೈ ನಡುಗುವಷ್ಟು ಹೊತ್ತು

ಭಾವನವರ ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವಳು ನಾನು. ಹಿಂದಿನ ಕೋಣೆಯಲ್ಲಿ ಮೈದಾ ಜರಡಿ ಹಿಡಿದರೆ ಮುಂದಿನ ಕೋಣೆಯಲ್ಲಿ ನನ್ನ ಎದೆ ಸೀಟಿ ಹೊಡೆಯುತ್ತದೆ. ಅದಕ್ಕೆ ಉಬ್ಬಸದ ನೀಲಿ ಪಂಪ್ ಇದೆ. ಅಲ್ಲಾಡಿಸಿ, ಉಸಿರು ಬಿಟ್ಟು, ಒತ್ತಿ ಎಳೆದುಕೊಂಡು ತುಸು ಹಿಡಿದಿಟ್ಟರೆ ಸ್ವಲ್ಪ ಹೊತ್ತಿಗೆ ಎದೆ ಹಗುರಾಗುತ್ತದೆ. ಆದರೆ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಳ್ಳುವ ಬುದ್ಧಿ ಅದರದು. ಎದೆ ಡವಡವ ಎನ್ನುತ್ತದೆ, ಬೆರಳು ನಡುಗುತ್ತವೆ. "ಅದು ಔಷಧಿ ಗುಣ, ತಾನಾಗೇ ಇಳಿಯುತ್ತೆ. ಬೇಕಾದಾಗ ತಡ ಮಾಡ್ಬೇಡಿ. ಪದೇ ಪದೇ ಬೇಕಾಗ್ತಿದ್ರೆ ಬಂದು ತೋರಿಸಿ," ಎಂದಿದ್ದರು ಡಾಕ್ಟರಮ್ಮ.

ನಾನೋ, ತಡ ಮಾಡುತ್ತಲೇ ಇದ್ದೆ. ಮೊದಲು ಹೆಸರು ಬರೆದು ಮುಗಿಸುವುದು, ಆಮೇಲೆ ಹಿಂದಕ್ಕೆ ಓಡಿ ಪಂಪ್ ಎಳೆಯುವುದು. ಪಂಪ್ ಗಿರಾಕಿಗಳ ಕಣ್ಣಿಗೆ ಬೀಳಬಾರದೆಂದು ಭಾವನವರ ಕಟ್ಟಪ್ಪಣೆ. ಕೇಕು ಕೊಳ್ಳಲು ಬಂದವರು ರೋಗ ಕೊಂಡೆವೆಂದು ಹೆದರುತ್ತಾರಂತೆ.

ಮೊನ್ನೆ ಸಂಜೆ ಒಬ್ಬಾಕೆ ಮಗಳ ಹುಟ್ಟುಹಬ್ಬದ ಕೇಕಿಗೆ ಕಾದು ನಿಂತಿದ್ದಳು. ಮೊದಲ ಅಕ್ಷರ ಮುಗಿಯುವಷ್ಟರಲ್ಲಿ ನನಗೆ ಉಸಿರು ಸಾಲದಾಯಿತು. ಕ್ರೀಮಿನ ಕೋನ್ ಕೆಳಗಿಟ್ಟೆ.

"ಇನ್ನೆರಡೇ ಅಕ್ಷರ. ಬರೆದು ಹೋಗು," ಭಾವ ಪಿಸುಗುಟ್ಟಿದರು.

ಎರಡಕ್ಷರಕ್ಕೆ ನಾನು ಸಾಯಬೇಕೇ? ಸಿಟ್ಟು ನೆತ್ತಿಗೇರಿತು. ಏಪ್ರನ್ ಜೇಬಿನಿಂದ ಪಂಪ್ ತೆಗೆದು ಆಕೆಯ ಎದುರಿಗೇ ಎಳೆದೆ. ಕೊಂಚ ಬಿಟ್ಟು ಇನ್ನೊಮ್ಮೆ ಎಳೆದೆ. ಕೈ ನಡುಗತೊಡಗಿತು.

"ನಾಳೆಯಿಂದ ನೀನು ಪ್ಯಾಕಿಂಗಿಗೆ ಹೋಗು," ಎಂದು ಭಾವ ಕೋನನ್ನು ತಾವೇ ಹಿಡಿದರು. ಅವರ ಕೈ ಒಂದಿಷ್ಟೂ ನಡುಗಲಿಲ್ಲ. ಮೂಡಿದ್ದು ಮಾತ್ರ ಕಾಗೆ ಕಾಲು ಗುಬ್ಬಿ ಕಾಲು. ಆಕೆ ಕೇಕು ನೋಡಿದಳು, ಭಾವನನ್ನು ನೋಡಿದಳು.

"ಅಕ್ಕ, ಸ್ವಲ್ಪ ಕೂತ್ಕೊಳ್ಳಿ," ಎಂದೆ. "ನನ್ನ ಕೈ ಸರಿಹೋಗ್ಲಿ. ಹೆಸರು ಸೊಟ್ಟಗಾದ್ರೆ ಅಳಿಸಿ ಬರೀಬಹುದು. ಉಸಿರು ಹೋದ್ರೆ ಯಾರು ಬರೆದುಕೊಡ್ತಾರೆ?"

ಆಕೆ ಸ್ಟೂಲ್ ಎಳೆದು ಕೂತಳು. ನಾನೂ ಕೂತೆ. ಕೆಲಸದ ಹೊತ್ತಿನಲ್ಲಿ ಭಾವನೆದುರು ಕೂತದ್ದು ಅದೇ ಮೊದಲು. ನಡುಗುವ ಬೆರಳುಗಳನ್ನು ಮುಚ್ಚಿಡದೆ ಮೇಜಿನ ಮೇಲೇ ಇಟ್ಟೆ. ನೋಡುವವರು ನೋಡಲಿ.

ನಡುಕ ಇಳಿದ ಮೇಲೆ ಭಾವನವರ ಕೈಚಳಕವನ್ನೆಲ್ಲ ಚಾಕುವಿನಿಂದ ಕೆರೆದು ತೆಗೆದೆ, ಹೊಸದಾಗಿ ಕ್ರೀಮ್ ಸವರಿದೆ. ಅವರು ಮಗ್ಗುಲಿಗೆ ಬಂದು ನಿಂತರು.

"ಪ್ಯಾಕಿಂಗು ಅಂದೆನಲ್ಲ," ಅಂದರು. ದನಿ ಅರ್ಧ ಇಳಿದಿತ್ತು.

"ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗಿ ಬಂದು ನಾನೇ ಬರೀತೀನಿ. ಪಂಪೂ ಇಲ್ಲೇ ಇರುತ್ತೆ. ಮೈದಾ ಜರಡಿ ಹಿಡಿಯೋವಾಗ ನೀವು ಹಿಂದಿನ ಬಾಗಿಲು ಹಾಕಿಸಿ. ಈಗ ಆ ಕಡೆ ಸರಿದು ನಿಲ್ಲಿ ಭಾವ, ಬೆಳಕು ಬೀಳ್ತಿಲ್ಲ."