ಹಕಾರವಿಲ್ಲದ ದನಿ

ಯಾವ ವಸ್ತುವನ್ನು ತೋರಿಸಿದರೂ "ಚೆನ್ನಾಗಿದೆ" ಎನ್ನುವ ಮೊದಲು "ಇದು ಯಾವಾಗಿನದು?" ಎಂದು ಕೇಳುವುದು ಅವಳ ಅಭ್ಯಾಸ, ಅದರಿಂದಲೇ ಕಚೇರಿಯಲ್ಲಿ ಅವಳಿಗೆ 'ಯಾವಾಗಿನಕ್ಕ' ಎಂಬ ಹೆಸರು ಬಿದ್ದಿತ್ತು. ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿ, ಏನನ್ನೋ ಆಲಿಸುವವಳಂತೆ ನಡೆಯುವಳು. ಬೂದುಬಣ್ಣದ ಕೋಟಿನ ಗುಂಡಿಯೊಂದು ಉದುರಿದಾಗ, ಹೆಚ್ಚುಕಡಿಮೆ ಅಂಥದೇ ಇನ್ನೊಂದನ್ನು ಹೊಲಿಸಿಕೊಳ್ಳಲು ಒಪ್ಪದೆ, ಚಳಿಗಾಲವಿಡೀ ಕೋಟಿನ ಎದೆಯನ್ನು ಕೈಯಿಂದ ಒತ್ತಿ ಹಿಡಿದುಕೊಂಡೇ ಓಡಾಡಿದಳು. "ಹೆಚ್ಚುಕಡಿಮೆ ಅಂದ್ರೆ ಬೇರೆ ಅಂತಲೇ ಅರ್ಥ, ಮೇಷ್ಟ್ರೇ" ಎಂದು ನನಗೇ ಪಾಠ ಹೇಳಿದ್ದಳು.

ಉದ್ಯೋಗವೂ ಸ್ವಭಾವಕ್ಕೆ ಒಪ್ಪುವಂಥದೇ: ಕಾಲ ಮೀರಿದ ತಂತ್ರಾಂಶಗಳನ್ನು ಮೂಲದಿಂದ ಮತ್ತೆ ಕಟ್ಟುವುದು. ಒಂದು ತಂತ್ರಾಂಶ ಇನ್ನೆಷ್ಟೋ ಸಣ್ಣ ತಂತ್ರಾಂಶಗಳ ಹೆಗಲ ಮೇಲೆ ನಿಂತಿರುತ್ತದಂತೆ. ಅವೆಲ್ಲ ಯಾವ ಆವೃತ್ತಿಯವು, ಹೇಗೆ ಕೂಡಬೇಕು ಎಂಬುದನ್ನು ನಮೂದಿಸಿದರೆ, ಅವಳ ಗಣಕದ ಪ್ಯಾಕೇಜ್ ಮ್ಯಾನೇಜರ್ ಎಂಬ ವ್ಯವಸ್ಥೆ ಎಷ್ಟು ವರ್ಷ ಕಳೆದರೂ ಅದನ್ನೇ ಚಾಚೂ ತಪ್ಪದೆ ಕಟ್ಟಿಕೊಡುತ್ತದೆ. ಪ್ರಕೃತಿ, ಪ್ರತ್ಯಯ, ಸೂತ್ರ ಮೂರೂ ಅವೇ ಆದರೆ ಪದವೂ ಅದೇ ಆಗಬೇಕಷ್ಟೆ! ವ್ಯಾಕರಣದ ಮೇಷ್ಟರ ಮಗಳಲ್ಲವೇ ಎಂದುಕೊಂಡೆ.

ಆ ಮೇಷ್ಟರು, ನನ್ನ ಸಹೋದ್ಯೋಗಿ, ಗಂಟಲಿನ ಶಸ್ತ್ರಚಿಕಿತ್ಸೆಯಲ್ಲಿ ದನಿ ಕಳೆದುಕೊಂಡಿದ್ದರು. ಅವರು ಬೆರಳಚ್ಚಿಸಿದ್ದನ್ನು ಗಣಕವೊಂದು ಓದಿ ಹೇಳುತ್ತಿತ್ತು. ಜೀವಮಾನವಿಡೀ ಮಕ್ಕಳ ಹಕಾರ ತಿದ್ದಿದವರಿಗೆ ದೊರೆತ ಆ ದನಿಗೆ ಹಕಾರವೇ ಹೊರಡುತ್ತಿರಲಿಲ್ಲ! "ಹೋಗಿ ಬಾ" ಎಂದು ಬರೆದರೆ "ಓಗಿ ಬಾ" ಎನ್ನುತ್ತಿತ್ತು. ಮೊದಮೊದಲು ಸಿಡಿಮಿಡಿಗೊಂಡರು, ಬರಬರುತ್ತ ಮನೆಮಂದಿಯೆಲ್ಲ ಅದೇ ದನಿಗೆ ಓಗೊಡತೊಡಗಿದರು.

ಆ ಗಣಕ ಕೆಟ್ಟಿತು. ಹೊಸದರಲ್ಲಿ ಆ ದನಿಯ ತಂತ್ರಾಂಶದ ಹೊಸ ಆವೃತ್ತಿ ಬಂತು. ಉಚ್ಚಾರ ಸ್ಫುಟ, ಕಂಠ ಜೇನು. "ಹಾಲಿದೆಯೇನೇ?" ಎಂದು ಅದು ಕೇಳಿದಾಗ ಅಡುಗೆಮನೆಯಿಂದ ಮೇಷ್ಟರ ಹೆಂಡತಿ ಕೂಗಿದರು: "ರೀ, ಆ ರೇಡಿಯೊ ಸ್ವಲ್ಪ ಆರಿಸಿ. ನೀವು ಕರೆದ್ರೂ ಕೇಳ್ಸಲ್ಲ!"

ಅಂದಿನಿಂದ ಮೇಷ್ಟರು ಕೀಲಿಮಣೆ ಮುಟ್ಟಲಿಲ್ಲ.

ಮಗಳು ಹಳೆಯ ಆವೃತ್ತಿಯನ್ನು ಕಟ್ಟಿ ತಂದಳು. ಅದೇ ಕಂಠ, ಅದೇ ಏರಿಳಿತ. ಆದರೆ "ಹೋಗಿ ಬಾ" ಎಂದು ಶುದ್ಧವಾಗಿ ನುಡಿಯಿತು. ಇದಲ್ಲವೆಂದು ಅಪ್ಪ ತಲೆಯಲ್ಲಾಡಿಸಿದರು.

"ತಿದ್ಕೊಂಡಿದೆ, ಒಳ್ಳೇದೇ ಆಯ್ತಲ್ಲ, ಬಿಡೇ" ಎಂದರು ತಾಯಿ.

"ಇಲ್ಲಮ್ಮ, ಯಾವಾಗಿನದೋ ಏನೋ ಒಂದು ಇದರೊಳಗೆ ಸೇರ್ಕೊಂಡುಬಿಟ್ಟಿದೆ."

ಹುಡುಕಿದರೆ, ಅಕ್ಷರವನ್ನು ಉಚ್ಚಾರಕ್ಕೆ ತಿರುಗಿಸುವ ಪುಟ್ಟ ಭಾಗವೊಂದಕ್ಕೆ ಆವೃತ್ತಿ ನಮೂದಿಸಲು ಅವಳೇ ಮರೆತಿದ್ದಳು. ವ್ಯವಸ್ಥೆ ಇತ್ತೀಚಿನದನ್ನು ಎತ್ತಿಕೊಂಡಿತ್ತು. "ಊರಿಗೆಲ್ಲ ಯಾವಾಗಿನದು ಅಂತ ಕೇಳ್ತೀನಿ, ಇದನ್ನೊಂದು ಕೇಳಲಿಲ್ಲ ನೋಡಿ" ಎಂದು ಹಣೆ ಚಚ್ಚಿಕೊಂಡು, ಹಳೆಯದನ್ನೇ ನಮೂದಿಸಿ, ಮೊದಲಿನಿಂದ ಕಟ್ಟಿದಳು.

ಮೇಷ್ಟರು ಅಳುಕುತ್ತಲೇ ಬೆರಳಾಡಿಸಿದರು. "ಆಲಿದೆಯೇನೇ?"

"ಬಂದೆ, ಬಂದೆ!" ಎಂದು ತಾಯಿ ಕೈ ಒರೆಸಿಕೊಳ್ಳುತ್ತ ಓಡಿಬಂದರು. "ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?"

ಹಳೆಯದನ್ನು ಕಾಪಾಡುವವರು ಲೋಕದಲ್ಲಿ ಬಹಳ ಮಂದಿ. ಅದರ ತಪ್ಪನ್ನೂ ತಪ್ಪದೆ ಕಾಪಾಡುವವರು ವಿರಳ. ಇಂಥವರು ಸುತ್ತಮುತ್ತ ಇರುವಾಗ, ನಮ್ಮಂಥ ಮೇಷ್ಟರುಗಳ ಕೆಂಪು ಶಾಯಿ ಒಂದಿಷ್ಟು ಒಣಗಿರುವುದೇ ಲೇಸು.