ಎರಡನೆಯ ಬಾಟಲಿ

ಬೆತ್ತ ಮತ್ತೆ ಬೆನ್ನಿಗೆ ಬಿದ್ದಾಗಲೂ ಭೀಮಶಿ ಕೈ ಎತ್ತಲಿಲ್ಲ. ಮಮದಾಪುರದ ಗರಡಿಮನೆಯ ಹೊಸ್ತಿಲಾಚೆ ನಿಂತಿದ್ದ ಅವನ ತಾಯಿ ಕಾಶೆವ್ವನಿಗೆ ಆ ಸಪ್ಪಳ ತನ್ನ ಹಲ್ಲುಗಳಲ್ಲಿ ಕೇಳಿಸಿತು. ಹೆಂಗಸರು ಹೊಸ್ತಿಲು ದಾಟುವಂತಿರಲಿಲ್ಲ. ಒಳಗಿನ ಕೆಂಪು ಮಣ್ಣು ಹನುಮಪ್ಪ ದೇವರದು.

"ಗುಳಿಗಿ ನುಂಗಿ ರಾಜ್ಯದ ಕುಸ್ತಿ ಗೆದ್ದಿ, ಅದಕ್ಕ ನನ್ನ ಹೆಸರ ಹಚ್ಚಿದಿ!" ಭೀಮಶಿಗೆ ಕುಸ್ತಿ ಕಲಿಸಿದ ವಸ್ತಾದ ಸಾತಪ್ಪ ಬೆತ್ತ ಬೀಸಿದ. ಹಳೆಯ ಬಾಸುಂಡೆ ಒಡೆದು ರಕ್ತ ಜಿನುಗಿತು.

"ನಿಮ್ಮ ಪಾದದ ಆಣಿ ವಸ್ತಾದ್ರ, ನಾ ಏನೂ ತಗೊಂಡಿಲ್ರಿ. ಆ ಟೆಸ್ಟ್ ಮಾಡೋ ಮಷೀನ ಸುಳ್ಳ ಹೇಳತೈತಿ."

"ಮಷೀನ ಏನ್ ನಿನ್ನ ದಾಯಾದಿ ಏನಲೇ? ಉಚ್ಚಿ ಹಾಕಿದ್ರ ಒಂದೊಂದ ಔಷಧ ಬ್ಯಾರೆ ಬ್ಯಾರೆ ಮಾಡಿ, ಯಾವುದ ಎಷ್ಟೈತಿ ಅಂತ ಗೆರಿ ಎಳೀತೈತಿ. ನಿನ್ನ ರಕ್ತದಾಗೂ ಗುಳಿಗಿ ಐತಿ, ಉಚ್ಚ್ಯಾಗೂ ಐತಿ!"

"ಹಂಗಾರ ಎರಡನೇ ಬಾಟಲಿ ಟೆಸ್ಟ್ ಮಾಡಸ್ರಿ. ಗೆದ್ದ ದಿನ ಉಚ್ಚಿ ಎರಡ ಬಾಟಲಿ ತುಂಬಿಸಿ ಸೀಲ್ ಹಾಕ್ಯಾರ, ಒಂದನ್ನ ಅಷ್ಟ ನೋಡ್ಯಾರ. ಅದರಾಗೂ ಬಂದ್ರ ಈ ಮಣ್ಣಾಗ ನನ್ನ ಹುಗೀರಿ."

ಅದರಲ್ಲೂ ಬರುತ್ತದೆಂದು ಕಾಶೆವ್ವನಿಗೆ ಗೊತ್ತಿತ್ತು. ಹೋದ ವರ್ಷ ಹುಕ್ಕೇರಿಯ ಕುಸ್ತಿಯಿಂದ ಮಗನನ್ನು ಹೊತ್ತು ತಂದಿದ್ದರು. ಹೆಗಲ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಎಲುಬು ಗಟ್ಟಿಯಾಗಲೆಂದು ಅವಳು ಗೋಕಾಕದ ಔಷಧಿ ಅಂಗಡಿಯವನು ಕೊಟ್ಟ ಗುಳಿಗೆಗಳನ್ನು ಬದಾಮಿನ ಜೊತೆ ಅರೆದು, ಈ ಕುಸ್ತಿಯವರೆಗೂ ದಿನಾ ಅವನು ಕುಡಿಯುವ ಹಾಲಿನ ಥಂಡಾಯಿಯಲ್ಲಿ ಕಲಸಿ ಕುಡಿಸಿದ್ದಳು. ಹೇಳಿದ್ದರೆ ಅವನು ಕುಡಿಯುತ್ತಿರಲಿಲ್ಲ.

ಈ ಸಲ ಬೆತ್ತ ಕಿವಿಯ ಮೇಲೆ ಬಿತ್ತು. ಭೀಮಶಿ ಮಂಡಿಯೂರಿದ.

ಕಾಶೆವ್ವ ಹೊಸ್ತಿಲು ದಾಟಿದಳು.

"ಬಿಡೋ ಯಣ್ಣಾ, ಬಿಡು ಅವನ್ನ! ಗುಳಿಗಿ ನಾ ಹಾಕೇನಿ. ಥಂಡಾಯ್ಯಾಗ. ಅವಗ ಗೊತ್ತಿಲ್ಲ."

ಸಾತಪ್ಪ ತಿರುಗಿದ. ಅವಳ ಮುಖ ನೋಡಲಿಲ್ಲ. ಮಣ್ಣಿನಲ್ಲಿ ಹೂತಿದ್ದ ಅವಳ ಬರಿಗಾಲು ನೋಡಿದ. ಬೆತ್ತ ಅವಳ ಮುಂಗೈಗೆ ಬಿದ್ದು ಬಳೆಗಳು ಚೂರಾದವು. ಮತ್ತೊಂದು ಪೆಟ್ಟು ಬೀಳಲಿಲ್ಲ. ಭೀಮಶಿ ವಸ್ತಾದನ ಸೊಂಟ ಹಿಡಿದು, ಅವನೇ ಕಲಿಸಿದ ಪಟ್ಟಿನಿಂದ ಎತ್ತಿ ನೆಲಕ್ಕೆ ಒಗೆದ. ಸಾತಪ್ಪನ ಹೆಗಲು ಲಟಕ್ಕೆಂದಿತು. ಚೀರುತ್ತಿದ್ದ ಅವನನ್ನು, ಸುತ್ತ ನಿಂತು ನೋಡುತ್ತಿದ್ದ ಪೈಲ್ವಾನರು ಎತ್ತಿಕೊಂಡು ಹೊರಗೆ ಓಡಿದರು. "ವಸ್ತಾದನ ಮ್ಯಾಲೆ ಕೈ ಮಾಡಿದಿ, ಇನ್ನ ಈ ಬಾಗಲಾ ನಿನಗ ಬಂದ್!" ಎಂದು ಒಬ್ಬ ಕೂಗಿ ಹೋದ.

"ಭೀಮಾ, ಮನಿಗಿ ನಡಿ," ಎಂದಳು ಕಾಶೆವ್ವ.

ಅವನು ಕಿವಿಯಿಂದ ಇಳಿಯುತ್ತಿದ್ದ ರಕ್ತ ಒರೆಸಿಕೊಳ್ಳದೆ, ಮೂಲೆಯಲ್ಲಿದ್ದ ಸಲಿಕೆ ತೆಗೆದುಕೊಂಡ. ಜೋಡಿ ಕುಸ್ತಿ ಮುಗಿದ ಮೇಲೆ ದಿನಾ ಮಾಡುವಂತೆ ಮಣ್ಣು ಸಮ ಮಾಡತೊಡಗಿದ. ಮೊದಲು ವಸ್ತಾದ ಬಿದ್ದ ಜಾಗ. ಆಮೇಲೆ ಬಗ್ಗಿ ಬಳೆಯ ಚೂರುಗಳನ್ನು ಆರಿಸಿ ಬದಿಗಿಟ್ಟ. ಆಮೇಲೆ ತಾಯಿಯ ಹೆಜ್ಜೆಗಳು. ಸಲಿಕೆ ಹತ್ತಿರ ಬಂದ ಹಾಗೆ ಕಾಶೆವ್ವ ಒಂದೊಂದೇ ಹೆಜ್ಜೆ ಹಿಂದೆ ಸರಿದು, ಹೊಸ್ತಿಲಾಚೆ ನಿಂತಳು.