ಅಮ್ಮನ ಬದಲಿಗೆ ಮಗಳು

ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಜ್ವರಕ್ಕಿಂತ, ಹಿಡಿದ ಮನೆ ಕೈತಪ್ಪೀತೆಂಬ ಭಯವೇ ಹೆಚ್ಚು. ಅದಕ್ಕೇ ತಾವು ಮಲಗಿದರೆ ಬದಲಿಗೆ ಮಗಳನ್ನು ಕಳಿಸುತ್ತಾರೆ. ನಮ್ಮ ಹಿನಕಲ್‌ನಲ್ಲಿ ಇದು ಯಾರಿಗೂ ತಪ್ಪು ಅನಿಸುವುದಿಲ್ಲ.

ಪಕ್ಕದ ಮನೆಯ ಮಾದೇವಮ್ಮನಿಗೆ ಮಂಡಿ ಊದಿಕೊಂಡಿತು. ಊರ ಪಕ್ಕದ ಹೊಸ ಬಡಾವಣೆಯ ಒಂದು ದೊಡ್ಡ ಮನೆಯಲ್ಲಿ ಅವಳಿಗೆ ಕೆಲಸ. ಮಗಳು ಸುಷ್ಮಿತಾ ಸರ್ಕಾರಿ ಕಾಲೇಜಿನಲ್ಲಿ ಎರಡನೇ ಪಿಯುಸಿ. "ನಾಕು ದಿನ ಹೋಗ್ಬಾ ಮಗ, ಮಂಡಿ ಸರಿಹೋಗ್ಲಿ" ಎಂದಳು ತಾಯಿ. ಮಂಡಿ ಸರಿಹೋಗಲಿಲ್ಲ. ಹುಡುಗಿ ಹೋಗುತ್ತಲೇ ಇದ್ದಳು. ಕೊನೆಗೆ ಕಾಲೇಜಿನಿಂದ ಫೋನು ಬಂತು: ಹಾಜರಾತಿ ಸಾಲದು, ಇನ್ನೂ ತಪ್ಪಿಸಿದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಅಂದು ಸಂಜೆ ಅಂಗನವಾಡಿ ಟೀಚರ್ ಚೂಡಾಮಣಿ ಅವರ ಮನೆಗೆ ಬಂದಳು. ನಾನೂ ಜಗಲಿಯ ಮೇಲೆ ಕೂತಿದ್ದೆ.

"ಮಾದೇವಕ್ಕ, ನಾಳೆಯಿಂದ ಹುಡುಗೀನ ಕಾಲೇಜಿಗೆ ಕಳ್ಸಿ."

"ಕಳ್ಸ್‌ಬುಟ್ರೆ ಆ ಮನೆ ಪಾತ್ರೆ ನೀವ್ ಬಂದು ಉಜ್ತೀರಾ ಟೀಚರಮ್ಮ?"

"ಉಜ್ಜಿದ್ರೆ ನನ್ನ ಕೈಯೇನೂ ಸವೆಯಲ್ಲ ಬಿಡಿ. ಆ ಮನೆ ಮೇಡಂಗೂ ಪಿಯುಸಿ ಓದೋ ಮಗ ಇದ್ದಾನಲ್ಲ, ಅವರಿಗೆ ಮಂಡಿ ಊದಿದ್ರೆ ಅವನ್ನ ಆಫೀಸಿಗೆ ಕಳಿಸ್ತಾರಾ?"

ಮಾದೇವಮ್ಮ ನಕ್ಕಳು. "ಒಳ್ಳೆ ಕತೆ! ಅವರಿಗೆ ರಜಾ ಕೊಡ್ತಾರೆ ಕಣಮ್ಮ. ಸಂಬಳಾನೂ ಕೊಡ್ತಾರೆ."

"ನಿಮಗೆ?"

ಮಾದೇವಮ್ಮನ ನಗು ನಿಂತಿತು. "ಮೇಡಂ ಒಳ್ಳೇರು. ಹಬ್ಬಕ್ಕೆ ಸೀರೆ ಕೊಡ್ತಾರೆ."

ಬಾಗಿಲಲ್ಲಿ ನಿಂತಿದ್ದ ಸುಷ್ಮಿತಾ ಬಾಯಿಬಿಟ್ಟಳು. "ನಾನು ನೆಲ ಒರೆಸುವಾಗ ಅವರ ಮಗ ಸಾಗರ್ ಕಾಲೆತ್ಕೊಂಡು ಓದ್ತಿರ್ತಾನಮ್ಮ. ಮೇಜಿನ ಮೇಲೆ ಇರೋದು ನಾನು ಓದೋ ಪುಸ್ತಕಾನೇ, ಅದೇ ಪಾಠ."

"ಮೊದ್ಲೇ ಯಾಕೆ ಹೇಳ್ಲಿಲ್ಲ ಮಗ?"

"ಹೇಳಿದ್ರೆ ಆ ಮನೆ ಬುಡ್ತಿದ್ಯಾ?"

ಆ ಬಡಾವಣೆಯ ಜಾಗದಲ್ಲಿ ಮೊದಲು ರಾಗಿ ಹೊಲಗಳಿದ್ದವು. ಆಗಲೂ ಕೂಲಿಗೆ ತಾಯಿ ಬರದಿದ್ದರೆ ಮಗಳು ಬರಬೇಕಿತ್ತು. ನನ್ನ ಅಕ್ಕನನ್ನೂ ಹಾಗೆಯೇ ಶಾಲೆ ಬಿಡಿಸಿದರು. ಹೊಲ ಹೋಗಿ ಮಹಡಿಮನೆ ಬಂತು. ಬದಲಿ ಮಾತ್ರ ಹೋಗಲಿಲ್ಲ.

ಚೂಡಾಮಣಿ ದಾರಿ ಹೇಳಿದಳು. ಸ್ವಸಹಾಯ ಸಂಘದ ಹೆಂಗಸರೇ ಸರದಿಯ ಮೇಲೆ ಆ ಮನೆಯ ಕೆಲಸ ಮಾಡಲಿ, ಮಂಡಿ ವಾಸಿಯಾದ ಮೇಲೆ ಮಾದೇವಮ್ಮ ಹೋಗಲಿ. ಮಾದೇವಮ್ಮ ಅಳುಕುತ್ತಲೇ ಫೋನು ಮಾಡಿದಳು. ಮೇಡಂ ಮಾತು ನಮಗೂ ಕೇಳಿಸಿತು.

"ದಿನಕ್ಕೊಬ್ಬರು ಬಂದ್ರೆ ನಮಗಾಗಲ್ಲ. ನಿನ್ನ ಮಗಳಿಗೆ ಕೆಲಸ ಅಭ್ಯಾಸ ಆಗಿದೆ. ಓದು ಎಲ್ಲಿಗೆ ಹೋಗುತ್ತೆ, ಮುಂದಿನ ವರ್ಷ ಓದ್ಲಿ."

"ಹಂಗಾದ್ರೆ ನಿಮ್ ಸಾಗರಪ್ಪನೂ ಮುಂದಿನ್ ವರ್ಸ ಓದ್ಲಿ ಬುಡಿ ಮೇಡಂ" ಎಂದಳು ಮಾದೇವಮ್ಮ.

ಆ ಮನೆ ಅಲ್ಲಿಗೆ ಹೋಯಿತು. ಮಂಡಿ ವಾಸಿಯಾಗಿ ಬೇರೆ ಮನೆ ಸಿಗುವವರೆಗೆ ಸಂಘದವರೇ ಅಕ್ಕಿಬೇಳೆ ಒದಗಿಸಿದರು. ಸುಷ್ಮಿತಾ ಒಂದು ದಿನವೂ ತಪ್ಪಿಸದೆ ಕಾಲೇಜಿಗೆ ಹೋದಳು, ಪರೀಕ್ಷೆಗೂ ಕೂತಳು.

ಆದರೆ ದೊಡ್ಡ ಮನೆಗೆ ಕೆಲಸದವಳು ಮಾರನೆಯ ದಿನವೇ ಸಿಕ್ಕಿದ್ದಳು. ನಮ್ಮ ಹಿಂದಿನ ಬೀದಿಯ ಅನು. ಒಂಬತ್ತನೇ ತರಗತಿ. ಕೆಲಸ ಹಿಡಿದ ತಾಯಿಗೆ ಬೆನ್ನುನೋವಂತೆ, ಬದಲಿಗೆ ಮಗಳು. ನಾನೂ ಚೂಡಾಮಣಿಯೂ ಅವರ ಮನೆಗೆ ಹೋಗಿಬಂದೆವು. ಮಗಳನ್ನು ಶಾಲೆಗೆ ಕಳಿಸಲು ತಾಯಿ ಇನ್ನೂ ಒಪ್ಪಿಲ್ಲ. ಮತ್ತೆ ಹೋಗುತ್ತೇವೆ.

ಅಕ್ಕತಂಗಿಯರೇ, ಮೈ ಸರಿಯಿಲ್ಲದಿದ್ದರೆ ಸಂಘಕ್ಕೆ ಹೇಳಿ. ಮಗಳನ್ನು ಕಳಿಸಬೇಡಿ.

ಕೆಲಸ ಮಾಡಿಸಿಕೊಳ್ಳುವವರೇ, ನಿಮ್ಮ ಬಾಗಿಲಿಗೆ ಬದಲಿ ಹುಡುಗಿ ಬಂದರೆ ಕೈಗೆ ಪೊರಕೆ ಕೊಡಬೇಡಿ, ಶಾಲೆಗೆ ಕಳಿಸಿ. ಅವಳ ತಾಯಿಗೆ ಸಂಬಳದ ಜೊತೆ ರಜೆ ಕೊಡಿ. ಒಂದು ದಿನ ಗುಡಿಸದಿದ್ದರೆ ನಿಮ್ಮ ಮನೆಯಲ್ಲಿ ಒಂದಿಷ್ಟು ಧೂಳು ಕೂರುತ್ತದೆ, ಅಷ್ಟೇ.